ಒಲೆಯ ಹಳದಿ ಉರಿಯಿಂದ ಪ್ರಯೋಗಶಾಲೆಯ ಉಪಕರಣದವರೆಗೆ

ಹೊಟೇಲಿನ ಅಡುಗೆಮನೆಯಲ್ಲಿ ದುಡಿದವರಾರಿಗೂ ಈ ನೋಟವು ಹೊಸದಲ್ಲ. ದೊಡ್ಡ ತಪ್ಪಲೆಯಲ್ಲಿ ಸಾಂಬಾರು ಕುದಿಯುತ್ತಿರುತ್ತದೆ. ಕೆಳಗೆ ಗ್ಯಾಸಿನ ಒಲೆ ನೀಲಿಯಾಗಿ ಉರಿಯುತ್ತಿರುತ್ತದೆ. ಸೌಟು ಹಿಡಿದವನ ಗಮನ ಒಂದು ಗಳಿಗೆ ಅತ್ತ ಹೋಯಿತೆಂದರೆ ಸಾಂಬಾರು ಉಕ್ಕಿ ಒಲೆಯ ಮೇಲೆ ಸುರಿಯುತ್ತದೆ. ಒಡನೆಯೇ ನೀಲಿ ಉರಿ ಹೊನ್ನಿನ ಹಳದಿಗೆ ತಿರುಗುತ್ತದೆ. ಸ್ವಲ್ಪ ಹೊತ್ತಿನ ತರುವಾಯ ತಾನಾಗಿಯೇ ಮತ್ತೆ ನೀಲಿಯಾಗುತ್ತದೆ. ಮೇಲ್ವಿಚಾರಕನಿಂದ ಎರಡು ಮಾತು ಕೇಳಿಸಿಕೊಂಡು ಹುಡುಗನು ಒಲೆಯನ್ನು ಒರೆಸುತ್ತಾನೆ. ಆ ಹಳದಿ ಎಲ್ಲಿಂದ ಬಂದಿತೆಂದು ವಿಚಾರಿಸಲು ಯಾರಿಗೂ ಬಿಡುವಿರುವುದಿಲ್ಲ.

ಅದು ಉಪ್ಪಿನ ಹಳದಿ. ಸಾಂಬಾರಿನಲ್ಲಿದ್ದ ಉಪ್ಪು ಉರಿಯ ಕಾವಿಗೆ ಒಡೆದು, ಅದರೊಳಗಿನ ಸೋಡಿಯಂ ಎಂಬ ಲೋಹದ ಪರಮಾಣುಗಳು ಕಾವನ್ನು ಹೀರಿಕೊಂಡು, ಹೀರಿದುದನ್ನು ಮರುಕ್ಷಣದಲ್ಲಿ ಹಳದಿ ಬೆಳಕಾಗಿ ಹೊರಸೂಸುತ್ತವೆ. ಕಾಲೇಜಿನ ರಸಾಯನ ಪ್ರಯೋಗಶಾಲೆಯಲ್ಲಿ ಉಪಕರಣಗಳ ಅಭ್ಯಾಸಕ್ಕೆ ನಿಲ್ಲುವ ವಿದ್ಯಾರ್ಥಿಗೆ ಮೊದಲಲ್ಲಿ ದೊರೆಯುವ ಪಾಠಗಳಲ್ಲಿ ಇದೂ ಒಂದು. ಉಪ್ಪು, ಸೋಡಾ, ಸುಣ್ಣ, ಪಟಿಕ, ಮೈಲುತುತ್ತ ಮೊದಲಾದ ವಸ್ತುಗಳಿಗೆ ಶಾಸ್ತ್ರದಲ್ಲಿ ನಿರವಯವ ಸಂಯುಕ್ತಗಳೆಂದು ಹೆಸರು. ಇವುಗಳಲ್ಲಿ ಏನಿದೆ, ಎಷ್ಟಿದೆ, ಅದು ಹೇಗೆ ಜೋಡಿಸಲ್ಪಟ್ಟಿದೆ ಎಂಬುದನ್ನು ಬೆಳಕು, ಕಾವು, ಕ್ಷಕಿರಣಗಳ ನೆರವಿನಿಂದ ಅರಿಯುವ ಕೌಶಲವನ್ನು ಕುರಿತು ಇಲ್ಲಿ ನಾಲ್ಕು ಮಾತು.

ಆದರೆ ಮೊದಲಿಗೆ ಒಂದು ಎಚ್ಚರಿಕೆ. ಒಲೆಯ ಉರಿಯಲ್ಲಿ ಕಾಣುವ ಹಳದಿಯೆಲ್ಲವೂ ಉಪ್ಪಿನದಲ್ಲ. ಒಲೆಯ ರಂಧ್ರಗಳು ಕಟ್ಟಿಕೊಂಡು ಗಾಳಿ ಸಾಲದೆ ಹೋದಾಗಲೂ ಉರಿ ಹಳದಿಯಾಗುತ್ತದೆ. ಅದು ಅರೆಬೆಂದ ಇಂಗಾಲದ ಕಣಗಳು ಕಾದು ಹೊಳೆಯುವ ಹಳದಿ. ಅದು ತಪ್ಪಲೆಯ ತಳಕ್ಕೆ ಮಸಿ ಹಿಡಿಸುತ್ತದೆ. ಉಪ್ಪಿನ ಹಳದಿ ಹಿಡಿಸದು. ಅದು ಒಲೆಯನ್ನು ಶುಚಿಗೊಳಿಸುವವರೆಗೂ ಉಳಿಯುತ್ತದೆ. ಉಪ್ಪಿನದು ಉಪ್ಪು ತೀರಿದೊಡನೆ ಮಾಯವಾಗುತ್ತದೆ. ಕಣ್ಣಿಗೆ ಒಂದೇ ಎಂದು ತೋರುವ ಎರಡನ್ನು ಬೇರ್ಪಡಿಸಿ ನೋಡುವುದು ಹೇಗೆ? ಉಪಕರಣಗಳು ಹುಟ್ಟಿದ್ದೇ ಈ ಪ್ರಶ್ನೆಯಿಂದ.

ಜರ್ಮನಿಯ ಹೈಡೆಲ್‌ಬರ್ಗ್ ನಗರದ ವಿಶ್ವವಿದ್ಯಾಲಯದಲ್ಲಿ ಬುನ್ಸೆನ್ ಎಂಬ ರಸಾಯನ ಪಂಡಿತನೂ ಕಿರ್ಖಾಫ್ ಎಂಬ ಭೌತಶಾಸ್ತ್ರಜ್ಞನೂ ೧೮೫೯ ಹಾಗೂ ೧೮೬೦ರಲ್ಲಿ ಜೊತೆಗೂಡಿ ಕೆಲಸ ಮಾಡಿದರು. ತನ್ನದೇ ಬಣ್ಣವು ಬಹುಮಟ್ಟಿಗೆ ಇಲ್ಲದ ಉರಿಯನ್ನು ಕೊಡುವ ಗ್ಯಾಸ್ ದೀಪವು ಬುನ್ಸೆನನಲ್ಲಿತ್ತು. ಇಂದಿಗೂ ಶಾಲೆಗಳಲ್ಲಿ ಅದು ಅವನ ಹೆಸರಿನಲ್ಲಿಯೇ ಇದೆ. ಲವಣಗಳು ಉರಿಗೆ ಕೊಡುವ ಬಣ್ಣಗಳನ್ನು ಆತನು ಬಣ್ಣದ ಗಾಜುಗಳ ಮೂಲಕ ನೋಡಿ ವಿಂಗಡಿಸುತ್ತಿದ್ದನು. ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಿಡಿಸಿ ನೋಡಬಾರದೇಕೆ ಎಂದು ಸೂಚಿಸಿದವನು ಕಿರ್ಖಾಫ್. ಒಂದು ಸಿಗಾರ್ ಪೆಟ್ಟಿಗೆ, ಒಂದು ಪಟ್ಟಕ, ಹಳೆಯ ದೂರದರ್ಶಕದ ಎರಡು ತುಂಡುಗಳು: ಇಷ್ಟರಿಂದಲೇ ಅವರ ರೋಹಿತದರ್ಶಕವು ಸಿದ್ಧವಾಯಿತು. ಅದರಲ್ಲಿ ನೋಡಿದಾಗ ಪ್ರತಿಯೊಂದು ಲೋಹವೂ ತನಗೆ ಮಾತ್ರ ಸಲ್ಲುವ ಗೆರೆಗಳನ್ನು, ತನಗೆ ಮಾತ್ರ ಸಲ್ಲುವ ಸ್ಥಾನಗಳಲ್ಲಿ ತೋರಿಸಿತು. ಸೋಡಿಯಂನದು ಹಳದಿಯಲ್ಲಿ ಒತ್ತಾಗಿ ನಿಂತ ಜೋಡಿ ಗೆರೆ. ಇಂದಿನ ಅಳತೆಯಲ್ಲಿ ಅವುಗಳ ಸ್ಥಾನ ೫೮೯.೦ ಮತ್ತು ೫೮೯.೬ ನ್ಯಾನೋಮೀಟರು, ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಆ ವಿಧಾನದ ಸೂಕ್ಷ್ಮತೆ ಎಷ್ಟೆಂಬುದನ್ನು ಅವರು ಪರೀಕ್ಷಿಸಿದ ಬಗೆಯನ್ನು ಕೇಳಬೇಕು. ಕೋಣೆಯ ಒಂದು ಮೂಲೆಯಲ್ಲಿ ೩ ಮಿಲಿಗ್ರಾಮಿನಷ್ಟು ಸೋಡಿಯಂ ಕ್ಲೋರೇಟನ್ನು ಸುಟ್ಟು ಸಿಡಿಸಿದರು. ಉಪಕರಣವಿದ್ದದ್ದು ಅಲ್ಲಿಂದ ದೂರದಲ್ಲಿ. ಕೆಲವು ನಿಮಿಷಗಳಲ್ಲಿ ಆ ಹೊಗೆಯು ಕೋಣೆಯ ಗಾಳಿಯಲ್ಲಿ ಬೆರೆತು ಉರಿಯನ್ನು ತಲುಪಿತು. ಹಳದಿ ಗೆರೆ ಪ್ರಕಾಶಮಾನವಾಗಿ ಕಾಣಿಸಿಕೊಂಡಿತು. ಮಿಲಿಗ್ರಾಮಿನ ಮೂವತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆಯಾದ ಸೋಡಿಯಂ ಲವಣವನ್ನು ತಮ್ಮ ಕಣ್ಣು ಗುರುತಿಸಬಲ್ಲುದೆಂದು ಅವರು ಲೆಕ್ಕ ಹಾಕಿದರು. ಬಳಿಕ ಡುರ್ಕ್‌ಹೈಮ್ ಎಂಬ ಊರಿನ ಖನಿಜ ಜಲವನ್ನು ಪರೀಕ್ಷಿಸುವಾಗ, ಅವರಿಗೆ ಗೊತ್ತಿದ್ದ ಯಾವ ಲೋಹಕ್ಕೂ ಸೇರದ ನೀಲಿ ಗೆರೆಗಳು ತೋರಿದವು. ಸುಮಾರು ೪೪ ಸಾವಿರ ಲೀಟರು ನೀರನ್ನು ಇಂಗಿಸಿ, ಶೋಧಿಸಿ, ಕೊನೆಗೆ ಕೈಗೆ ಬಂದದ್ದು ೭ ಗ್ರಾಮಿಗಿಂತ ತುಸು ಹೆಚ್ಚಾದ ಒಂದು ಹೊಸ ಲೋಹದ ಲವಣ. ೧೮೬೦ರಲ್ಲಿ ಆ ಲೋಹಕ್ಕೆ ಸೀಸಿಯಂ ಎಂದು ಹೆಸರಾಯಿತು. ಲ್ಯಾಟಿನಿನಲ್ಲಿ ಅದಕ್ಕೆ ಆಕಾಶನೀಲಿ ಎಂಬ ಅರ್ಥ. ಮರುವರ್ಷ ಕೆಂಪು ಗೆರೆಯ ರುಬಿಡಿಯಂ ದೊರೆಯಿತು.

ಕಣ್ಣಿಗೆ ಒಂದೇ ಆಗಿ ಕಂಡ ಎರಡು ಹಳದಿಗಳ ಇನ್ನೊಂದು ಕಥೆಯು ನಮ್ಮ ದೇಶದ ನೆಲದಲ್ಲಿಯೇ ಆರಂಭವಾಯಿತು. ೧೮೬೮ನೆಯ ಆಗಸ್ಟ್ ೧೮ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಎಂಬ ವಿದ್ವಾಂಸನು ಆಂಧ್ರದ ಗುಂಟೂರಿಗೆ ಬಂದಿಳಿದಿದ್ದನು. ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳನ್ನು ರೋಹಿತದರ್ಶಕದಿಂದ ನೋಡಿದವರಿಗೆ ಆ ಗ್ರಹಣದ ಕಾಲದಲ್ಲಿ ಒಂದು ಹಳದಿ ಗೆರೆ ಕಾಣಿಸಿತು. ಅದು ಸೋಡಿಯಂನದೇ ಇರಬೇಕೆಂದು ಹಲವರು ಭಾವಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಎಂಬಾತನು ಗ್ರಹಣವಿಲ್ಲದೆಯೇ ಆ ಜ್ವಾಲೆಗಳನ್ನು ನೋಡಿ, ಗೆರೆಯ ಸ್ಥಾನವನ್ನು ಜಾಗರೂಕತೆಯಿಂದ ಅಳೆದನು. ಅದು ಸೋಡಿಯಂನ ಗೆರೆಗಳಿಗೆ ಸಮೀಪದಲ್ಲಿತ್ತೇ ಹೊರತು ಅವುಗಳ ಮೇಲೆ ಕೂಡಲಿಲ್ಲ. ಅದರ ಸ್ಥಾನ ೫೮೭.೬. ಎರಡು ನ್ಯಾನೋಮೀಟರಿಗೂ ಕಡಮೆಯಾದ ಈ ಅಂತರದೊಳಗೆ ಒಂದು ಹೊಸ ಮೂಲವಸ್ತುವೇ ಅಡಗಿತ್ತು. ಸೂರ್ಯನ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು ೧೮೯೫ರಲ್ಲಿ, ಲಂಡನ್ನಿನ ರ‍್ಯಾಮ್ಸೆಯ ಪ್ರಯೋಗಶಾಲೆಯಲ್ಲಿ, ಯುರೇನಿಯಂ ಬೆರೆತ ಒಂದು ಖನಿಜದಿಂದ. ಅಲ್ಲಿಯೂ ಸಾಕ್ಷಿ ನುಡಿದದ್ದು ಆ ಹಳದಿ ಗೆರೆಯೇ.

ಈ ರ‍್ಯಾಮ್ಸೆಯ ಜೊತೆಗಾರನಾಗಿ ೧೮೯೮ರ ಬೇಸಗೆಯಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಅನಿಲಗಳನ್ನು ರೋಹಿತದರ್ಶಕದ ನೆರವಿನಿಂದಲೇ ಕಂಡುಹಿಡಿದ ಮಾರಿಸ್ ಟ್ರಾವರ್ಸ್, ಮುಂದೆ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕನಾಗಿ ೧೯೦೬ರಲ್ಲಿ ಬಂದನೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಹಿಂದೆ ಹೊಟೇಲುಗಳ ಮುಂದೆ ಕೆಂಪಾಗಿ ಬೆಳಗುತ್ತಿದ್ದ ನಿಯಾನ್ ಫಲಕದ ಆ ಬೆಳಕನ್ನು ಮೊತ್ತಮೊದಲು ಕಂಡ ಕಣ್ಣುಗಳು ಬೆಂಗಳೂರಿನಲ್ಲಿ ೧೯೧೪ರವರೆಗೆ ಇದ್ದವು.

ಇನ್ನು ಈಗಿನ ಪ್ರಯೋಗಶಾಲೆಯೊಳಕ್ಕೆ ಹೋಗೋಣ. ಬುನ್ಸೆನನ ಕಣ್ಣಿದ್ದ ಸ್ಥಾನದಲ್ಲಿ ಇಂದು ಬೆಳಕನ್ನು ವಿದ್ಯುತ್ತಾಗಿಸಿ ಅಂಕಿಯಾಗಿ ತೋರಿಸುವ ಸಾಧನವಿದೆ. ಇದಕ್ಕೆ ಫ್ಲೇಮ್ ಫೋಟೋಮೀಟರ್, ಅಂದರೆ ಜ್ವಾಲಾಮಾಪಕವೆಂದು ಹೆಸರು. ದ್ರಾವಣವನ್ನು ಒಂದು ಸಣ್ಣ ನಳಿಕೆ ಹೀರಿಕೊಂಡು, ತುಂತುರಾಗಿ ಉರಿಯೊಳಕ್ಕೆ ಕಳುಹಿಸುತ್ತದೆ. ಉರಿಯ ಮುಂದೆ ಬೇಕಾದ ಬಣ್ಣವನ್ನು ಮಾತ್ರ ಬಿಡುವ ಗಾಜು. ಅದರ ಹಿಂದೆ ಅಳೆಯುವ ಕಣ್ಣು. ಹೊರಗೆ ಅಂಕಿ. ನೋಡಿದರೆ ಹತ್ತು ನಿಮಿಷದಲ್ಲಿ ಕಲಿಯಬಹುದಾದ ಕೆಲಸ. ಗುಂಡಿಯನ್ನು ಒತ್ತುವುದು ನಿಜಕ್ಕೂ ಅಷ್ಟೇ ಸುಲಭ.

ಕಷ್ಟವಿರುವುದು ಗುಂಡಿಯ ಮೊದಲು. ಯಂತ್ರಕ್ಕೆ ಉಪ್ಪು ಎಷ್ಟಿದೆಯೆಂಬುದು ಗೊತ್ತಿಲ್ಲ. ಈ ಬೆಳಕು ಆ ಬೆಳಕಿಗಿಂತ ಹೆಚ್ಚೋ ಕಡಮೆಯೋ ಎಂಬುದಷ್ಟೇ ಗೊತ್ತು. ಆದುದರಿಂದ ವಿದ್ಯಾರ್ಥಿಯು ಮೊದಲು ಯಂತ್ರಕ್ಕೆ ತಕ್ಕಡಿಯ ಕಲ್ಲುಗಳನ್ನು ಮಾಡಿಕೊಡಬೇಕು. ಶುದ್ಧ ಉಪ್ಪನ್ನು ಒಣಗಿಸಿ, ೨.೫೪೨ ಗ್ರಾಮು ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಸರಿಯಾಗಿ ಒಂದು ಲೀಟರು ಮಾಡಿದರೆ, ಅದರಲ್ಲಿ ಸೋಡಿಯಂ ಒಂದು ಗ್ರಾಮಿರುತ್ತದೆ. ಅದರಿಂದ ೧೦ ಮಿಲಿಲೀಟರು ತೆಗೆದು ಮತ್ತೆ ಒಂದು ಲೀಟರಿಗೆ ಬೆಳೆಸಿದರೆ ಲೀಟರಿಗೆ ೧೦ ಮಿಲಿಗ್ರಾಮಿನ ದ್ರಾವಣ. ಇಂತಹ ನಾಲ್ಕೈದನ್ನು ಮಾಡಿ, ಬರಿಯ ನೀರಿಗೆ ಸೊನ್ನೆಯನ್ನಿಟ್ಟು, ಒಂದೊಂದಕ್ಕೂ ಯಂತ್ರ ಕೊಟ್ಟ ಅಂಕಿಯನ್ನು ಚೌಕುಳಿ ಕಾಗದದ ಮೇಲೆ ಗುರುತಿಸಬೇಕು. ಗುರುತುಗಳು ಗೆರೆಯಾಗಿ ಸೇರಿದ ಮೇಲೆಯೇ ತಿಳಿಯದ ದ್ರಾವಣಕ್ಕೆ ಕೈ ಹಾಕುವುದು. ಗಾಢವಾದ ದ್ರಾವಣಗಳಲ್ಲಿ ಗೆರೆ ಬಾಗುತ್ತದೆ. ಉರಿಯ ನಡುವಿನ ಪರಮಾಣುಗಳು ಬಿಟ್ಟ ಬೆಳಕನ್ನು ಅಂಚಿನಲ್ಲಿರುವ ಅವುಗಳ ಬಂಧುಗಳೇ ನುಂಗಿಕೊಳ್ಳುವುದರಿಂದ ಹೀಗಾಗುತ್ತದೆ. ಬಾಗಿದ ಭಾಗದಲ್ಲಿ ಲೆಕ್ಕ ಮಾಡಿದವನು ಇರುವುದಕ್ಕಿಂತ ಕಡಮೆ ಹೇಳುತ್ತಾನೆ.

ತಪ್ಪು ನುಸುಳುವ ದಾರಿಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ಬೆರಳ ಬೆವರಿನಲ್ಲಿ ಉಪ್ಪಿದೆ. ನಳಿಕೆಯ ತುದಿಯನ್ನು ಮುಟ್ಟಿದರೆ ಅಂಕಿ ಏರುತ್ತದೆ. ಗಾಜಿನಲ್ಲಿ ಸೋಡಿಯಂ ಇದೆ. ತಿಳಿಯಾದ ದ್ರಾವಣವನ್ನು ಗಾಜಿನ ಬಾಟಲಿಯಲ್ಲಿ ದಿನಗಟ್ಟಲೆ ಇಟ್ಟರೆ ಗಾಜೇ ಅದಕ್ಕೆ ಉಪ್ಪನ್ನು ಬಿಟ್ಟುಕೊಡುತ್ತದೆ, ಆದುದರಿಂದ ಪ್ಲಾಸ್ಟಿಕ್ ಬಾಟಲಿ ಬೇಕು. ಗಾಳಿಯಲ್ಲಿ ಸೋಡಿಯಂ ಇದೆ; ಮುಂಬಯಿ, ಚೆನ್ನೈಗಳಂತಹ ಕಡಲ ದಂಡೆಯ ನಗರಗಳಲ್ಲಿ ಇದನ್ನು ಹೇಳಬೇಕಾದುದೇ ಇಲ್ಲ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನೂ ಲೆಕ್ಕಕ್ಕೆ ಹಿಡಿದೇ ಅದರ ಮೇಲೆ ಗೆರೆ ಕೊರೆದಿರುತ್ತಾರೆ. ಅದನ್ನು ಊದಿ ಹಾಕುವ ಉತ್ಸಾಹಿಯು ಅಳತೆಯನ್ನು ಕೆಡಿಸುತ್ತಾನೆ. ಈ ಕಾರಣದಿಂದಲೇ ಪ್ರತಿ ಪ್ರಯೋಗದಲ್ಲಿಯೂ ವಸ್ತುವನ್ನೇ ಹಾಕದೆ, ಉಳಿದ ಎಲ್ಲವನ್ನೂ ಹಾಕಿದ ಒಂದು ಬರಿಯ ದ್ರಾವಣವನ್ನು ಕೂಡ ಅಳೆಯುತ್ತಾರೆ. ದಿನದ ವ್ಯಾಪಾರಕ್ಕೆ ಮೊದಲು ಗಲ್ಲೆಯಲ್ಲಿ ಎಷ್ಟಿತ್ತೆಂದು ಬರೆದಿಡದಿದ್ದರೆ ಸಂಜೆಯ ಎಣಿಕೆಗೆ ಅರ್ಥವಿಲ್ಲವೆಂಬುದು ಲೆಕ್ಕ ಬರೆಯುವ ಯಾವ ಗುಮಾಸ್ತನಿಗೂ ಗೊತ್ತು. ಇದೂ ಅದೇ.

ಇದನ್ನು ಕೇವಲ ಪರೀಕ್ಷೆಯ ಅಂಕಗಳ ವಿಷಯವೆಂದು ತಿಳಿಯಬಾರದು. ಹಲವು ದಶಕಗಳ ಕಾಲ ಆಸ್ಪತ್ರೆಗಳಲ್ಲಿ ರೋಗಿಯ ರಕ್ತದ ಸೋಡಿಯಂ, ಪೊಟಾಸಿಯಂಗಳನ್ನು ಅಳೆಯುತ್ತಿದ್ದುದು ಇದೇ ಜ್ವಾಲಾಮಾಪಕ. ಈಗ ಬಹುಮಟ್ಟಿಗೆ ಆ ಸ್ಥಾನವನ್ನು ಎಲೆಕ್ಟ್ರೋಡುಗಳುಳ್ಳ ಯಂತ್ರಗಳು ವಹಿಸಿಕೊಂಡಿವೆ. ರಕ್ತದ ದ್ರವಭಾಗದಲ್ಲಿ ಪೊಟಾಸಿಯಂ ಲೀಟರಿಗೆ ಸುಮಾರು ೩.೫ರಿಂದ ೫ ಮಿಲಿಮೋಲಿನವರೆಗೆ ಇರಬೇಕು. ಬಹಳ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ಆದರೆ ಕೆಂಪು ರಕ್ತಕಣಗಳ ಒಳಗೆ ಇದರ ಇಪ್ಪತ್ತು ಪಟ್ಟಿಗೂ ಮೀರಿದ ಪೊಟಾಸಿಯಂ ಇರುತ್ತದೆ. ರಕ್ತದ ನಳಿಕೆಯನ್ನು ಒರಟಾಗಿ ಅಲುಗಿಸಿ ಕಣಗಳು ಒಡೆದವೆಂದರೆ, ಯಂತ್ರವು ಹಳೆಯದಿರಲಿ ಹೊಸದಿರಲಿ, ಆರೋಗ್ಯವಂತನನ್ನೂ ಅಪಾಯದಲ್ಲಿರುವವನೆಂದು ಸಾರುತ್ತದೆ. ಯಂತ್ರದ ತಪ್ಪು ಅಲ್ಲಿ ಎಳ್ಳಷ್ಟೂ ಇಲ್ಲ. ಕೊಟ್ಟುದನ್ನು ಅದು ಅಳೆಯಿತು.

ಉರಿಯ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಉರಿಯು ಸಂಯುಕ್ತವನ್ನು ಒಡೆದುಬಿಡುತ್ತದೆ. ಅಡುಗೆಯ ಉಪ್ಪನ್ನು ಹಾಕಿ, ಭಜಿಗೆ ಬೆರೆಸುವ ಸೋಡಾಪುಡಿಯನ್ನು ಹಾಕಿ, ಬಟ್ಟೆ ಒಗೆಯುವ ಸೋಡಾವನ್ನು ಹಾಕಿ, ಮೂರಕ್ಕೂ ಬರುವುದು ಅದೇ ಹಳದಿ. ಸೋಡಿಯಂ ಇದೆಯೆಂದು ಉರಿ ಹೇಳಿತು. ಯಾರ ಸಂಗಡ, ಯಾವ ರೂಪದಲ್ಲಿ ಇತ್ತೆಂಬುದನ್ನು ಹೇಳಲಿಲ್ಲ. ಆ ಪ್ರಶ್ನೆಗೆ ಬೇರೆ ಉಪಕರಣಗಳು ಬೇಕು. ಅವುಗಳಲ್ಲಿ ಒಂದು, ಕಾಯಿಸುತ್ತಲೇ ತೂಗುವ ತಕ್ಕಡಿ. ಜಪಾನಿನ ಹೊಂಡಾ ಎಂಬ ವಿಜ್ಞಾನಿ ೧೯೧೫ರಲ್ಲಿ ಇಂತಹುದನ್ನು ರಚಿಸಿ ಹೆಸರಿಟ್ಟನು. ಸೋಡಾಪುಡಿಯನ್ನು ಅದರಲ್ಲಿ ಕಾಯಿಸಿದರೆ ನೀರಾವಿಯೂ ಇಂಗಾಲದ ಡೈ ಆಕ್ಸೈಡೂ ಹೊರಟುಹೋಗಿ, ೧೦೦ ಮಿಲಿಗ್ರಾಮು ಇದ್ದದ್ದು ೬೩ಕ್ಕೆ ಇಳಿದು ನಿಲ್ಲುತ್ತದೆ. ಭಜಿ ಉಬ್ಬುವುದರಲ್ಲಿ ಈ ಹೊರಟುಹೋದ ಅನಿಲದ ಪಾಲೂ ಇದೆ. ಒಣಗಿದ ಉಪ್ಪಾದರೋ ಆ ಕಾವಿನಲ್ಲಿ ಕದಲುವುದಿಲ್ಲ. ೬೩ಕ್ಕೆ ಬದಲಾಗಿ ೭೦ ಬಂದರೆ ಪುಡಿಯಲ್ಲಿ ಬೇರೇನೋ ಬೆರೆತಿದೆಯೆಂದೋ, ಡಬ್ಬಿಯಲ್ಲಿಯೇ ಹಳತಾಗಿ ಒಂದಿಷ್ಟು ಸತ್ವ ಹೋಗಿದೆಯೆಂದೋ ವಿದ್ಯಾರ್ಥಿ ವಿಚಾರಿಸಬೇಕು.

ಅವಕೆಂಪು ಕಿರಣಗಳ ಯಂತ್ರವು ಇನ್ನೊಂದು. ಅದರಲ್ಲಿ ಬಹುಕಾಲ ಕಿಟಕಿಗಳಾಗಿ ಬಳಸುತ್ತಿದ್ದುದು ಗಾಜನ್ನಲ್ಲ. ಉಪ್ಪಿನ ಹರಳಿನಿಂದ ಕಡೆದ ಬಿಲ್ಲೆಗಳನ್ನು, ಏಕೆಂದರೆ ಗಾಜು ಆ ಕಿರಣಗಳನ್ನು ತಡೆಯುತ್ತದೆ, ಉಪ್ಪು ಬಿಡುತ್ತದೆ. ಉಪ್ಪಿನ ಕಿಟಕಿಯೆಂದರೆ ಮಳೆಗಾಲದ ಮುಂಬಯಿಯಲ್ಲಿ ಎಂತಹ ಪಾಡೆಂದು ಓದುಗರೇ ಊಹಿಸಬಹುದು. ಉಸಿರು ತಗಲಿದರೂ ಮಂಕಾಗುವ ಅವನ್ನು ತೇವ ಹೀರುವ ಹರಳುಗಳೊಂದಿಗೆ ಮುಚ್ಚಿದ ಪಾತ್ರೆಯಲ್ಲಿ ಕಾಪಾಡಬೇಕು. ಈಗ ವಜ್ರದ ಸಣ್ಣ ತುಣುಕಿನ ಮೇಲೆ ಪುಡಿಯನ್ನು ಒತ್ತಿ ನೋಡುವ ಯಂತ್ರಗಳು ಬಂದು ಈ ಕಷ್ಟವನ್ನು ಹಗುರಗೊಳಿಸಿವೆ. ಅದೇ ಉಪ್ಪಿನ ಹರಳಿನೊಳಗೆ ಕ್ಷಕಿರಣಗಳನ್ನು ಹಾಯಿಸಿ, ಅಲ್ಲಿ ಸೋಡಿಯಂ ಕ್ಲೋರೀನುಗಳ ಜೋಡಿಗಳಿಲ್ಲ, ಪ್ರತಿ ಸೋಡಿಯಂನ ಸುತ್ತ ಆರು ಕ್ಲೋರೀನುಗಳು ಸಮಾನ ದೂರದಲ್ಲಿ ನಿಂತಿವೆ ಎಂದು ೧೯೧೩ರಲ್ಲಿ ತೋರಿಸಿದವನು ಇಂಗ್ಲೆಂಡಿನಲ್ಲಿದ್ದ ತರುಣ ಲಾರೆನ್ಸ್ ಬ್ರಾಗ್. ಹಿರಿಯ ರಸಾಯನಜ್ಞರು ಕೆಲವರು ಇದನ್ನು ವರ್ಷಗಟ್ಟಲೆ ಒಪ್ಪಲಿಲ್ಲ.

ಗುಮಾಸ್ತ ವರ್ಗದ ಓದುಗರಿಗೆ ವಿಶೇಷವಾಗಿ ಹೇಳಬೇಕಾದುದು ರಾಮನ್ನರ ವಿಷಯ. ಅವರು ೧೯೦೭ರಲ್ಲಿ ಕಲಕತ್ತೆಗೆ ಹೋದದ್ದು ವಿಜ್ಞಾನಿಯಾಗಿ ಅಲ್ಲ, ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ. ಬೌಬಜಾರ್ ಬೀದಿಯಲ್ಲಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಕಚೇರಿಗೆ ಮುನ್ನ ಮುಂಜಾನೆಯೂ, ಕಚೇರಿ ಮುಗಿದ ಬಳಿಕ ರಾತ್ರಿಯವರೆಗೂ ಅವರು ದುಡಿದರು. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದ ಕಾಲವನ್ನು ಬಿಟ್ಟರೆ, ೧೯೧೭ರಲ್ಲಿ ಪ್ರಾಧ್ಯಾಪಕರಾಗುವವರೆಗೂ ಇದು ನಡೆಯಿತು. ಅವರ ಹೆಸರಿನ ಪರಿಣಾಮವು ಪ್ರಕಟವಾದದ್ದು ೧೯೨೮ರಲ್ಲಿ. ೧೯೩೩ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾದರು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ, ಚೆದರಿದ ಬೆಳಕಿನ ತುಸು ಭಾಗವು ಬಣ್ಣ ಬದಲಿಸಿ ಬರುತ್ತದೆ. ಬದಲಾವಣೆಯ ಪ್ರಮಾಣದಿಂದ ಅಣುವಿನೊಳಗಿನ ಬಂಧಗಳ ಮಿಡಿತವು ತಿಳಿಯುತ್ತದೆ. ನಿರವಯವ ಲವಣಗಳ ಅಭ್ಯಾಸಕ್ಕೆ ಇದರಿಂದಾದ ಉಪಕಾರ ದೊಡ್ಡದು, ಏಕೆಂದರೆ ನೀರು ಈ ಬೆಳಕಿಗೆ ಹೆಚ್ಚು ಅಡ್ಡಿಯನ್ನುಂಟುಮಾಡುವುದಿಲ್ಲ. ನೀರಿನಲ್ಲಿ ಕರಗಿದ ಲವಣವನ್ನು ಕರಗಿದಂತೆಯೇ ನೋಡಬಹುದು. ಪಾದರಸದ ಒಂದು ಬಗೆಯ ಲವಣದಲ್ಲಿ ಪಾದರಸದ ಪರಮಾಣುಗಳು ಒಂಟಿಯಾಗಿರದೆ ಒಂದನ್ನೊಂದು ಹಿಡಿದು ಜೋಡಿಯಾಗಿ ಇರುತ್ತವೆಂಬುದಕ್ಕೆ ೧೯೩೪ರಲ್ಲಿ ವುಡ್‌ವರ್ಡ್ ಎಂಬಾತನು ನೇರ ಸಾಕ್ಷ್ಯವನ್ನು ಒದಗಿಸಿದ್ದು ಈ ವಿಧಾನದಿಂದ. ಒಂಟಿಯಾಗಿದ್ದರೆ ಬರಲಾರದ ಒಂದು ಗೆರೆ ಅಲ್ಲಿ ಬಂದಿತ್ತು.

ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಅನೇಕರು. ಅವರು ಬಹುವಾಗಿ ಹಿಡಿದದ್ದು ವಾಣಿಜ್ಯದ, ಕಾನೂನಿನ, ಬ್ಯಾಂಕಿನ ದಾರಿಗಳನ್ನು. ಬುದ್ಧಿಯ ಕೊರತೆಯಿಂದ ವಿಜ್ಞಾನ ಬಿಟ್ಟುಹೋಯಿತೆಂದು ನಾನು ನಂಬಲಾರೆ. ಪುಸ್ತಕವನ್ನು ರಾತ್ರಿ ಹನ್ನೊಂದಕ್ಕೂ ತೆರೆಯಬಹುದು. ಪ್ರಯೋಗಶಾಲೆಯ ಬಾಗಿಲು ಹಗಲಿನಲ್ಲಿ ಮಾತ್ರ ತೆರೆದಿರುತ್ತದೆ, ಆ ಹೊತ್ತಿನಲ್ಲಿ ಇವರು ಕೆಲಸದ ಮೇಲೆ ಇರುತ್ತಾರೆ. ಪಿಪೆಟ್ಟನ್ನು ಹಿಡಿಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ದೋಸೆಯ ಹಂಚಿನ ಕಾವನ್ನು ನೀರೆರಚಿ ತಿಳಿಯುವುದು ಹೇಗೆ ಪುಸ್ತಕದಿಂದ ಬರಲಾರದೋ ಹಾಗೆ. ಸಂಜೆಯ ಪ್ರಯೋಗಶಾಲೆಯನ್ನು ನಡೆಸಲು ಖರ್ಚು ಬರುತ್ತದೆ, ಮೇಲ್ವಿಚಾರಕರು ಬೇಕಾಗುತ್ತಾರೆ, ಉರಿ ಆಮ್ಲಗಳ ಅಪಾಯವೂ ಇದೆ. ಇವು ಸಣ್ಣ ಕಾರಣಗಳಲ್ಲ. ಆದರೂ ನಮ್ಮ ಸಂಘಗಳು ವಿದ್ಯಾರ್ಥಿವೇತನಗಳನ್ನು ಕೊಡುವಾಗ, ಶುಲ್ಕದೊಂದಿಗೆ, ಪ್ರಯೋಗಕ್ಕಾಗಿ ಹುಡುಗನು ಕಳೆದುಕೊಳ್ಳುವ ಹಗಲಿನ ಸಂಬಳವನ್ನೂ ಲೆಕ್ಕಕ್ಕೆ ಹಿಡಿದರೆ ಒಳ್ಳೆಯದು.

ಅಷ್ಟರಲ್ಲಿ, ಬುನ್ಸೆನನ ಸಿಗಾರ್ ಪೆಟ್ಟಿಗೆಯ ಕೆಲಸವನ್ನು ಕೋಣೆಯಲ್ಲಿಯೇ ಮಾಡಿ ನೋಡಬಯಸುವವರಿಗೆ ಒಂದು ಹಳೆಯ ಸಿ.ಡಿ. ಸಾಕು. ಅದರ ಮೇಲಿನ ಒತ್ತಾದ ಸಾಲುಗಳು ಪಟ್ಟಕದಂತೆಯೇ ಬೆಳಕನ್ನು ಬಿಡಿಸುತ್ತವೆ. ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಕೂದಲೆಳೆಯಷ್ಟು ಸೀಳು ಕೊರೆದು, ಎದುರು ಬದಿಯಲ್ಲಿ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಒಂದು ಕಿಂಡಿಯಲ್ಲಿ ನೋಡಬೇಕು. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬಾರದು. ಮೊದಲು ಬಲ್ಬಿನ ಕಡೆಗೆ ಹಿಡಿದರೆ ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳ ಪಟ್ಟಿ ಕಾಣುತ್ತದೆ. ಅನಂತರ ದೀಪಗಳನ್ನಾರಿಸಿ, ಪೆಟ್ಟಿಗೆಯನ್ನು ಬೆಂಕಿಯಿಂದ ದೂರವಿಟ್ಟು, ಗ್ಯಾಸಿನ ನೀಲಿ ಉರಿಗೆ ಚಿಟಿಕೆ ಉಪ್ಪನ್ನು ಉದುರಿಸಿ ನೋಡಿದರೆ, ಆ ಪಟ್ಟಿಯಲ್ಲಿ ಎದ್ದು ಕಾಣುವುದು ಹಳದಿಯ ಒಂದು ಗೆರೆ. ಅದು ಎರಡಾಗಿ ಒಡೆದು ಕಾಣಬೇಕಾದರೆ ಸೀಳು ಇನ್ನೂ ಸಣ್ಣದಾಗಬೇಕು, ಉಪಕರಣವೂ ಇನ್ನೂ ಉತ್ತಮವಾಗಬೇಕು.